ಕಡಲಕ್ಕಿಯನ್ನ ಎಬ್ಬಿಸಬೇಡಿ ಮಾರಾಯ್ರೆ

ಕರಾವಳಿ ಹಕ್ಕಿಗಳು | ಕಂತು 6

ಫೋಟೋದಲ್ಲಿರೋದು ಕಂದುತಲೆ ಕಡಲಕ್ಕಿ. “ಕಂದು ತಲೆ ಎಲ್ಲಿದೆ?” ಅಂತ ಕೇಳ್ತೀರಿ, ಗೊತ್ತು. ಚಳಿಗಾಲದಲ್ಲಿ ತಲೆ ಬಿಳಿ. ಕಣ್ಣಿನ ಹಿಂದೆ ಶಾಯಿ ಒರೆಸಿದಂತೆ ಒಂದು ಕಪ್ಪು ಮಚ್ಚೆ ಅಷ್ಟೇ. ಬೂದು ಬೆನ್ನು, ಕೆಂಪು ಕಾಲು, ಕೆಂಪು ಕೊಕ್ಕಿಗೆ ಕಪ್ಪು ತುದಿ. ಬೆಳೆದ ಹಕ್ಕಿ ರೆಕ್ಕೆ ಬಿಚ್ಚಿದರೆ ಕಪ್ಪು ಅಂಚಿನಲ್ಲಿ ಬಿಳಿ ಬೊಟ್ಟು. ಬೇಸಿಗೆ ಹತ್ತಿರ ಬಂದಂತೆ ತಲೆಗೆ ಕಾಫಿ ಬಣ್ಣ ಏರುತ್ತೆ. ಅದು ಹೊರಡೋ ಸೂಚನೆ.

ಎಲ್ಲಿಗೆ? ಹೆಸರಿನಲ್ಲಿ ಕಡಲಿದ್ದರೂ ಇದು ಹುಟ್ಟೋದು ಕಡಲಿನಿಂದ ಬಹುದೂರ. ಲಡಾಖಿನ ತ್ಸೋ ಮೊರಿರಿಯಂಥ, ಸುಮಾರು 4,500 ಮೀಟರ್ ಎತ್ತರದ ಸರೋವರಗಳಲ್ಲಿ, ಟಿಬೆಟ್ ಮತ್ತು ಮಧ್ಯ ಏಷ್ಯಾದ ಜೌಗುಗಳಲ್ಲಿ ಗೂಡು ಕಟ್ಟುತ್ತೆ. ಅಲ್ಲಿ ನೀರು ಹೆಪ್ಪುಗಟ್ಟೋ ಮುಂಚೆ ಹಿಮಾಲಯ ದಾಟಿ ಇಳಿದು ಬರುತ್ತೆ. ನಮ್ಮ ಅಳಿವೆ, ಬಂದರಿನ ದಕ್ಕೆ, ಕೈರಂಪಣಿ ಎಳೆಯೋ ಮರಳದಂಡೆ ಇದರ ಚಳಿಗಾಲದ ಮನೆ. ಮೀನು, ಸಿಗಡಿ, ಬಲೆಯಿಂದ ಬಿದ್ದ ಚೂರುಪಾರು ಇದರ ಊಟ.

ಈಗ ನನ್ನ ತಕರಾರು. ಮರಳಲ್ಲಿ ಕೂತ ಗುಂಪಿನೊಳಗೆ ಓಡಿ, ಹಕ್ಕಿ ಎಬ್ಬಿಸಿ, ಸ್ಲೋಮೋಷನ್ ರೀಲ್ ಮಾಡೋದು ಬಿಡಿ.

ಅದು ಸುಮ್ಮನೆ ಕೂತಿರಲ್ಲ. ಉಂಡದ್ದನ್ನು ಅರಗಿಸ್ತಿರುತ್ತೆ, ಪುಕ್ಕ ತೀಡಿಕೊಳ್ತಿರುತ್ತೆ, ವಾಪಸ್ ಪ್ರಯಾಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಡ್ತಿರುತ್ತೆ. ಪ್ರತಿ ಸಲ ಎದ್ದು ಹಾರಿದಾಗಲೂ ಆ ಗಂಟಿನಿಂದಲೇ ಖರ್ಚು. “ಒಂದೇ ಸಲ ತಾನೇ?” ಅಂತೀರಿ. ನಿಮಗೆ ಒಂದು ಸಲ, ನಿಮ್ಮ ಹಿಂದಿನವರಿಗೂ ಒಂದೇ ಸಲ. ಭಾನುವಾರ ಸಂಜೆಯ ಒಟ್ಟು ಲೆಕ್ಕ ಹಕ್ಕಿಯ ತಲೆ ಮೇಲೆ.

“ಮೀನುಗಾರರೂ ಓಡಾಡ್ತಾರಲ್ಲ?” ಓಡಾಡ್ತಾರೆ, ತಮ್ಮ ಕೆಲಸಕ್ಕೆ. ಹಕ್ಕಿಯನ್ನ ಅಟ್ಟಿಸಿಕೊಂಡು ಹೋಗಲ್ಲ. ಅದೂ ನಾಲ್ಕು ಹೆಜ್ಜೆ ಸರಿದು ಮತ್ತೆ ಕೂರುತ್ತೆ.

ಖಾರಾಸೇವು ಎರಚೋದೂ ಬೇಡ. ಮುಂಬೈಯ ಎಲಿಫೆಂಟಾ ಬೋಟು, ದೆಹಲಿಯ ಯಮುನಾ ಘಾಟಿನಲ್ಲಿ ಅದೇ ಒಂದು ಆಟವಾಗಿದೆ. ಉಪ್ಪು, ಎಣ್ಣೆ, ಕಡಲೆಹಿಟ್ಟು ಮೀನು ತಿನ್ನೋ ಹೊಟ್ಟೆಗಲ್ಲ.

ಫೋಟೋ ಬೇಕಾ? ದೂರದಲ್ಲೇ ಕೂತುಬಿಡಿ. ಹಕ್ಕಿಗಳೆಲ್ಲ ಒಟ್ಟಿಗೆ ಕತ್ತು ಎತ್ತಿದರೆ ಅಲ್ಲೇ ನಿಲ್ಲಿ, ಒಂದೆರಡು ಹೆಜ್ಜೆ ಹಿಂದೆ ಬನ್ನಿ. ಸ್ವಲ್ಪ ಹೊತ್ತಿಗೆ ಅವು ನಿಮ್ಮನ್ನ ಮರೀತಾವೆ. ಹಾರೋ ಗುಂಪಿನ ವಿಡಿಯೋ ಎಲ್ಲರ ಫೋನಲ್ಲೂ ಇದೆ. ಆ ಮಾಸಲು ಬಿಳಿ ಕಣ್ಣು ಕಾಣೋ ಫೋಟೋ ಎಷ್ಟು ಜನರ ಹತ್ರ ಇದೆ ಹೇಳಿ?

ಈ ವಾರ ಕಡಲಿಗೆ ಹೊರಟಿರೋ ಗೆಳೆಯರಿಗೆ ಇದನ್ನ ಕಳಿಸಿ.

#ಕಡಲಕ್ಕಿ #ಕರಾವಳಿಹಕ್ಕಿಗಳು