‘ಚಿಕ್ಕ’ ಘಟಕ, ಮೀನುಮರಿಯ ದೊಡ್ಡ ಲೆಕ್ಕ

ಕಿರು ಜಲವಿದ್ಯುತ್ ಘಟಕ ಚಿಕ್ಕದು, ಹೊಳೆಗೇನೂ ಆಗಲ್ಲ ಅನ್ನೋ ಮಾತು ದಕ್ಷಿಣ ಕನ್ನಡದಲ್ಲಿ ಹಳೆಯದು. 2006ರ ಕೇಂದ್ರ ಅಧಿಸೂಚನೆಯೂ ಹೆಚ್ಚುಕಮ್ಮಿ ಅದನ್ನೇ ಹೇಳುತ್ತದೆ: 25 ಮೆಗಾವಾಟ್‌ಗಿಂತ ಕಡಿಮೆಯಿದ್ದರೆ ಪರಿಸರ ಅನುಮತಿ ಬೇಕಿಲ್ಲ.

ಹೊಳೆಯಲ್ಲಿ ಕೆಳಗಿಳಿಯುವ ಮೀನುಮರಿಗೆ ಟರ್ಬೈನ್ ಎಂದರೆ ಬರೀ ಬ್ಲೇಡಿನ ಏಟಲ್ಲ. ಬ್ಲೇಡ್ ತಾಗದಿದ್ದರೂ ಅಲ್ಲಿ ನೀರಿನ ಒತ್ತಡ ಕ್ಷಣದಲ್ಲಿ ಕುಸಿದು, ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿ ಒಡೆಯಬಹುದು. ದಿಕ್ಕುತಪ್ಪಿ ಹೊರಬಿದ್ದವು ಹಕ್ಕಿಗಳ, ದೊಡ್ಡ ಮೀನುಗಳ ಪಾಲು.

ಅಮೆರಿಕದ ಸ್ನೇಕ್, ಕೊಲಂಬಿಯಾ ನದಿಗಳಲ್ಲಿ ಸಮುದ್ರಕ್ಕೆ ಹೊರಟ ಸಾಲ್ಮನ್ ಮರಿ ಎಂಟು ಅಣೆಕಟ್ಟುಗಳನ್ನು ದಾಟಬೇಕು. ವಸಂತದಲ್ಲಿ ಇಳಿಯುವ ಮರಿಗಳಲ್ಲಿ ಪ್ರತಿ ಅಣೆಕಟ್ಟಿನಲ್ಲೂ ಶೇ 96 ಬದುಕಬೇಕು ಎಂಬುದು 2008ರಲ್ಲಿ ಅಲ್ಲಿ ಹಾಕಿಕೊಂಡ ಗುರಿ. ಕೇಳೋಕೆ ಚೆಂದ. ಎಂಟು ಸಲ ಗುಣಿಸಿದರೆ 100ರಲ್ಲಿ ಉಳಿಯೋದು 72. ಅದೂ ಗೇಟಿನಿಂದ ನೀರು ಬಿಟ್ಟು, ಜಾಲರಿ ಕಟ್ಟಿ ಬೇರೆ ದಾರಿಗೆ ತಿರುಗಿಸಿ, ಟರ್ಬೈನನ್ನು ಗರಿಷ್ಠ ದಕ್ಷತೆಯ ಆಸುಪಾಸಿನಲ್ಲೇ ಓಡಿಸೋ ಕಡೆ!

ನೇತ್ರಾವತಿ, ಕುಮಾರಧಾರಾ ಕಡೆ ಘಟಕ ಒಂದೊಂದೂ ಚಿಕ್ಕದೇ ಇರಬಹುದು. ಶಿಶಿಲದ ದೇವರ ಮೀನಿಗೆ ಅಕ್ಕಿ ಹಾಕೋ ಜಿಲ್ಲೆ ಹೊಸ ಅರ್ಜಿ ಬಂದಾಗ ಮೆಗಾವಾಟ್ ಎಷ್ಟು ಅಂತ ಮಾತ್ರ ಕೇಳಿದರೆ ಸಾಲದು. ಅದೇ ಹೊಳೆಯಲ್ಲಿ ಇದು ಎಷ್ಟನೆಯದು, ಮರಿ ಇಳಿಯೋ ತಿಂಗಳಲ್ಲಿ ಗೇಟು ತೆರೆದಿಡ್ತಾರಾ ಅಂತಲೂ ಕೇಳಬೇಕು.