ಮುಂದಿನ ಶಾಕ್‌ನಿಂದ ಆಯಿಲ್ ಸೋರಿದರೆ ಮನೆಯಲ್ಲೇ ಸೀಲ್ ಬದಲಿಸಬಹುದೇ? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಮಳೆಗಾಲ ಶುರುವಾದರೆ ಸಾಕು, ಬೈಕ್ ರಿಪೇರಿಯ ವಿಡಿಯೊಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. 'ಮುಂದಿನ ಶಾಕ್ ಸೋರುತ್ತಿದೆಯೇ? ಗ್ಯಾರೇಜಿಗೆ ಹೋಗಬೇಡಿ, ಅರ್ಧ ಗಂಟೆಯಲ್ಲಿ ನೀವೇ ಸರಿ ಮಾಡಿ' ಎಂಬುದು ಅವುಗಳಲ್ಲೊಂದು. ಇನ್ನೊಂದು ಗುಂಪಿನಲ್ಲಿ ಇದಕ್ಕೆ ತದ್ವಿರುದ್ಧ ಮಾತು: 'ಸ್ವಲ್ಪ ಆಯಿಲ್ ಸೋರಿದರೆ ಎಂತ ಆಗುದಿಲ್ಲ ಮಾರ್ರೆ, ಒರೆಸಿಕೊಂಡು ಓಡಿಸಿ.' ಯಾವುದನ್ನು ನಂಬಬೇಕು? ಒಂದೊಂದಾಗಿ ನೋಡೋಣ.

ಶಾಕ್ ಒಳಗೆ ಇರುವುದೇನು?

ನಾವು ಮುಂದಿನ ಶಾಕ್ ಎನ್ನುವುದು ಟೆಲಿಸ್ಕೋಪಿಕ್ ಫೋರ್ಕ್. ಹೊಳೆಯುವ ಕ್ರೋಮ್ ಪೈಪ್ ಒಂದು ದಪ್ಪ ಪೈಪಿನೊಳಗೆ ಮೇಲೆ ಕೆಳಗೆ ಜಾರುತ್ತದೆ. ಒಳಗೆ ಸ್ಪ್ರಿಂಗ್ ಮತ್ತು ಎಣ್ಣೆ ಇರುತ್ತವೆ. ಹೊಂಡದ ಹೊಡೆತವನ್ನು ಸ್ಪ್ರಿಂಗ್ ತಡೆದುಕೊಳ್ಳುತ್ತದೆ. ಆಮೇಲೆ ಬೈಕ್ ಕುಣಿಯದಂತೆ ಹಿಡಿಯುವುದು ಎಣ್ಣೆ. ಸಣ್ಣ ತೂತುಗಳ ಮೂಲಕ ಅದು ನಿಧಾನವಾಗಿ ಹಾಯುವುದರಿಂದ ಕುಣಿತ ನಿಲ್ಲುತ್ತದೆ. ಈ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆಯೇ ಆಯಿಲ್ ಸೀಲ್. ಅದರ ಮೇಲೆ ಮಣ್ಣು ತಡೆಯಲು ಡಸ್ಟ್ ಸೀಲ್ ಇರುತ್ತದೆ.

ನಮ್ಮ ಕಡೆ ಸೀಲ್ ಬೇಗ ಹೋಗುವುದು ಯಾಕೆ?

ರಸ್ತೆಯ ಹೊಂಡಕ್ಕೆ ಬೈಯುವುದು ಸುಲಭ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಇನ್ನೆರಡು ಕಾರಣಗಳಿವೆ: ಉಪ್ಪು ಮತ್ತು ನೀರು. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಅಲ್ಲಿ ಬೀಸುವ ಗಾಳಿಯಲ್ಲೇ ಉಪ್ಪಿದೆ. ಗಂಗೊಳ್ಳಿಯಂಥ ಬಂದರಿನಿಂದ ಬೈಕಿನಲ್ಲಿ ಮೀನು ಸಾಗಿಸುವವರಿಗೆ ಬುಟ್ಟಿಯ ಉಪ್ಪುನೀರೂ ಸೇರುತ್ತದೆ. ಜೊತೆಗೆ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4000 ಮಿ.ಮೀ.ಗೂ ಮಿಕ್ಕಿ ಮಳೆ.

ಉಪ್ಪು ಮತ್ತು ತೇವ ಸೇರಿ ಕ್ರೋಮ್ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ತುಕ್ಕಿನ ಚುಕ್ಕಿಗಳನ್ನು ಮಾಡುತ್ತವೆ. ಅವುಗಳ ಅಂಚು ಹರಿತ. ಶಾಕ್ ಕುಸಿದಾಗಲೆಲ್ಲ ಅದು ಸೀಲಿನ ತುಟಿಯನ್ನು ಕೆರೆಯುತ್ತದೆ. ಪೈಪ್ ನೋಡದೆ ಸೀಲ್ ಮಾತ್ರ ಬದಲಿಸಿದರೆ ಹೊಸ ಸೀಲ್ ಕೂಡ ಸ್ವಲ್ಪ ದಿನಕ್ಕೇ ಸೋರುವುದು ಇದರಿಂದಲೇ.

'ಒರೆಸಿಕೊಂಡು ಓಡಿಸಿದರೆ ಸಾಕು': ತಪ್ಪು

ಸೋರಿದ ಎಣ್ಣೆ ಕೆಳಗೆ ಇಳಿಯುತ್ತದೆ. ಅಲ್ಲಿ ಇರುವುದು ಮುಂದಿನ ಡಿಸ್ಕ್ ಬ್ರೇಕ್. ಬ್ರೇಕ್ ಪ್ಯಾಡ್ ಎಣ್ಣೆ ಹೀರಿಕೊಂಡರೆ ಹಿಡಿತ ಹೋಗುತ್ತದೆ. ಒರೆಸಿದರೆ ಡಿಸ್ಕ್ ಸ್ವಚ್ಛವಾಗಬಹುದು, ಪ್ಯಾಡ್ ಆಗುವುದಿಲ್ಲ. ಅದನ್ನು ಬದಲಿಸಬೇಕು. ಬೈಕ್ ನಿಲ್ಲಿಸುವ ಹೆಚ್ಚಿನ ಶಕ್ತಿ ಮುಂದಿನ ಬ್ರೇಕ್‌ನದು. ಒದ್ದೆ ಹೆದ್ದಾರಿಯಲ್ಲಿ ಎದುರಿಗೆ ದನ ಅಡ್ಡ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಎಣ್ಣೆ ಕಡಿಮೆಯಾದ ಶಾಕ್ ಬ್ರೇಕ್ ಹಿಡಿದಾಗ ದಡಕ್ಕನೆ ಕುಸಿಯುವುದು ಇನ್ನೊಂದು ತೊಂದರೆ.

'ಪ್ಲಾಸ್ಟಿಕ್ ಪಟ್ಟಿ ಹಾಕಿ ಎಳೆದರೆ ಸೋರಿಕೆ ನಿಲ್ಲುತ್ತದೆ': ಅರ್ಧ ನಿಜ

ಸೀಲಿನ ತುಟಿಯ ಕೆಳಗೆ ಮರಳಿನ ಕಣ ಸಿಕ್ಕಿಕೊಂಡಿದ್ದರೆ, ಹಳೆ ಫೋಟೊ ಫಿಲ್ಮ್ ಅಥವಾ ಪ್ಲಾಸ್ಟಿಕ್ ಬಾಟಲಿಯ ತೆಳು ಪಟ್ಟಿಯಿಂದ ಅದನ್ನು ತೆಗೆಯಬಹುದು. ಸೋರಿಕೆ ನಿಂತರೂ ನಿಲ್ಲಬಹುದು. ಸೀಲ್ ಹರಿದಿದ್ದರೆ ಇದರಿಂದ ಪ್ರಯೋಜನವಿಲ್ಲ. ಬ್ಲೇಡ್, ಸ್ಕ್ರೂ ಡ್ರೈವರ್ ಹಾಕಿದರೆ ಒಳ್ಳೆಯ ಸೀಲ್ ಕೂಡ ಹಾಳು.

'ಮನೆಯಲ್ಲಿರುವ ಇಂಜಿನ್ ಆಯಿಲ್ ಹಾಕಿದರೆ ಸಾಕು': ತಪ್ಪು

20W-40 ಇಂಜಿನ್ ಆಯಿಲ್ ಸಾಮಾನ್ಯ ಫೋರ್ಕ್ ಆಯಿಲ್‌ಗಿಂತ ಬಹಳ ಗಟ್ಟಿ. ಶಾಕ್ ಬಿರುಸಾಗಿ, ಸಾಲು ಹೊಂಡಗಳಲ್ಲಿ ಚಕ್ರ ರಸ್ತೆಗೆ ಅಂಟಿಕೊಳ್ಳುವುದಿಲ್ಲ. ಜಾಸ್ತಿ ಹಾಕಿದರೂ ತೊಂದರೆಯೇ. ಪೈಪಿನ ಮೇಲ್ಭಾಗದಲ್ಲಿ ಗಾಳಿಗೆ ಜಾಗ ಇರಬೇಕು, ಇಲ್ಲದಿದ್ದರೆ ಒತ್ತಡ ಏರಿ ಸೀಲನ್ನೇ ಹೊರಗೆ ತಳ್ಳುತ್ತದೆ. ಸಣ್ಣ ಬೈಕ್‌ಗಳಲ್ಲಿ ಒಂದು ಕಾಲಿಗೆ 150ರಿಂದ 200 ಮಿ.ಲೀ. ಆಸುಪಾಸು ಹಿಡಿಯುತ್ತದೆ. ನಿಮ್ಮ ಮಾದರಿಯ ಸರಿಯಾದ ಅಳತೆ ಮತ್ತು ದರ್ಜೆಯನ್ನು ಸರ್ವಿಸ್ ಪುಸ್ತಕದಲ್ಲೇ ನೋಡಿ, ಅಳತೆ ಲೋಟದಲ್ಲಿ ಅಳೆದು ಎರಡೂ ಕಾಲಿಗೆ ಸಮವಾಗಿ ಹಾಕಬೇಕು.

'ಅರ್ಧ ಗಂಟೆಯ ಕೆಲಸ': ಕೈ ಪಳಗಿದವರಿಗೂ ಕಷ್ಟ

ಮೊದಲ ಸಲ ಮಾಡುವವರು ಒಂದು ಪೂರ್ತಿ ಬೆಳಗ್ಗೆ ಇಟ್ಟುಕೊಳ್ಳಿ. ಕೆಲಸದ ಕ್ರಮ ಹೀಗೆ:

1. ಚಕ್ರ ನೆಲದಲ್ಲಿರುವಾಗಲೇ ಮೇಲಿನ ಕ್ಲಾಂಪಿನ ಬೋಲ್ಟ್ ಸಡಿಲಿಸಿ, ಶಾಕಿನ ತಲೆಯ ಕ್ಯಾಪ್ ಮತ್ತು ತಳದ ಅಲೆನ್ ಬೋಲ್ಟ್ ಸ್ವಲ್ಪ ಸಡಿಲ ಮಾಡಿ. ಪೂರ್ತಿ ಬಿಚ್ಚಬೇಡಿ.
2. ಸಿಮೆಂಟ್ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಕೆಳಗೆ ಜಾಕ್ ಅಥವಾ ಗಟ್ಟಿ ಮರದ ತುಂಡು ಕೊಡಿ. ಒದ್ದೆ ಅಂಗಳದಲ್ಲಿ ಬೇಡ.
3. ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಕಟ್ಟಿಡಿ, ಹೋಸ್‌ನಲ್ಲಿ ನೇತಾಡಬಾರದು. ಎಬಿಎಸ್ ಇದ್ದರೆ ಅದರ ವಯರ್ ಜೋಪಾನ. ಆಮೇಲೆ ಬ್ರೇಕ್ ಲಿವರ್ ಮುಟ್ಟಬೇಡಿ, ಪಿಸ್ಟನ್ ಹೊರಬರುತ್ತದೆ.
4. ಚಕ್ರ, ಮಡ್‌ಗಾರ್ಡ್ ತೆಗೆದು, ಕ್ಲಾಂಪ್ ಸಡಿಲಿಸಿ ಶಾಕನ್ನು ತಿರುಗಿಸುತ್ತ ಕೆಳಗೆ ಎಳೆಯಿರಿ.
5. ಕ್ಯಾಪ್ ಬಿಚ್ಚುವಾಗ ಮುಖ ದೂರ ಇರಲಿ. ಒಳಗಿನ ಸ್ಪ್ರಿಂಗ್ ಅದನ್ನು ಮೇಲಕ್ಕೆ ಹಾರಿಸಬಹುದು.
6. ಎಣ್ಣೆ ಬಸಿದು, ತಳದ ಬೋಲ್ಟ್ ತೆಗೆದು, ಡಸ್ಟ್ ಸೀಲ್, ಸರ್ಕ್ಲಿಪ್, ಆಯಿಲ್ ಸೀಲ್ ತೆಗೆಯಿರಿ. ಪೈಪನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಸೀಲ್ ಓಡಾಡುವ ಜಾಗದಲ್ಲಿ ಆಳವಾದ ತುಕ್ಕು ಇದ್ದರೆ ಪೈಪನ್ನೇ ಬದಲಿಸಬೇಕು.
7. ಹೊಸ ಸೀಲಿಗೆ ಫೋರ್ಕ್ ಆಯಿಲ್ ಸವರಿ, ಪೈಪಿನ ತುದಿಗೆ ಪ್ಲಾಸ್ಟಿಕ್ ಸುತ್ತಿ ಇಳಿಸಿ. ಅಳತೆಗೆ ಸರಿಯಾದ ಪಿವಿಸಿ ಪೈಪಿನಿಂದ ಸಮನಾಗಿ ಬಡಿದು ಕೂರಿಸಿ. ಸರ್ಕ್ಲಿಪ್ ತನ್ನ ಗಾಡಿಯಲ್ಲಿ ಪೂರ್ತಿ ಕೂತಿರಬೇಕು. ತಳದ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿ.

ಒಂದು ಕಾಲು ಸೋರಿದರೂ ಎರಡೂ ಸೀಲ್ ಬದಲಿಸಿ. ಎರಡರದ್ದೂ ಒಂದೇ ವಯಸ್ಸು. ಎಲ್ಲ ಜೋಡಿಸಿ ಬೋಲ್ಟ್‌ಗಳನ್ನು ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿದ ಮೇಲೆ, ಲಿವರ್ ಗಟ್ಟಿಯಾಗುವ ತನಕ ಬ್ರೇಕ್ ಒತ್ತಿ. ಮರೆತು ಹೊರಟರೆ ಮೊದಲ ತಿರುವಿನಲ್ಲೇ ಬ್ರೇಕ್ ಸಿಗುವುದಿಲ್ಲ.

ಯಾರು ಮಾಡಬಾರದು?

ಚಕ್ರ ಬಿಚ್ಚಿ ಹಾಕಿ ಅಭ್ಯಾಸ ಇಲ್ಲದವರು, ತಲೆಕೆಳಗಾದ ಫೋರ್ಕ್ ಇರುವ ಬೈಕಿನವರು, ತಳದ ಅಲೆನ್ ಬೋಲ್ಟ್ ತುಕ್ಕು ಹಿಡಿದು ಅಲುಗದವರು. ಅಂಥವರು ಶಾಕ್ ಬಿಚ್ಚದೆ ಬೈಕನ್ನೇ ಗ್ಯಾರೇಜಿಗೆ ಒಯ್ಯುವುದು ಒಳ್ಳೆಯದು. ಅಲ್ಲಿಯೂ ಎರಡು ಪ್ರಶ್ನೆ ಕೇಳಿ: 'ಪೈಪಿನಲ್ಲಿ ತುಕ್ಕು ಉಂಟಾ? ಎಣ್ಣೆ ಅಳೆದು ಹಾಕುತ್ತೀರಾ?'

ಸೀಲ್ ಬಾಳಿಕೆ ಬರಲು

ಸಮುದ್ರದ ಬದಿ ಹೋಗಿ ಬಂದ ದಿನ ಕ್ರೋಮ್ ಪೈಪನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ. ಸರ್ವಿಸ್‌ನಲ್ಲಿ ಪ್ರೆಷರ್ ನೀರನ್ನು ನೇರ ಸೀಲಿಗೆ ಹಿಡಿಯದಂತೆ ಹೇಳಿ. ರಬ್ಬರ್ ಬೂಟ್ ಹಾಕಿದವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಒಳಗೆ ನೀರು ನಿಂತರೆ ತುಕ್ಕು ಕಾಣದಂತೆ ಬೆಳೆಯುತ್ತದೆ, ಆಗಾಗ ಎತ್ತಿ ನೋಡಬೇಕು. ಬಸಿದ ಹಳೆ ಎಣ್ಣೆಯನ್ನು ಅಂಗಳಕ್ಕೋ ತೋಡಿಗೋ ಸುರಿಯಬೇಡಿ. ಪಕ್ಕದಲ್ಲೇ ಕುಡಿಯುವ ನೀರಿನ ಬಾವಿ ಇರುತ್ತದೆ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಕೊನೆಯ ಮಾತು

ಮನೆಯಲ್ಲೇ ಸೀಲ್ ಬದಲಿಸಬಹುದು ಎಂಬುದು ಸುಳ್ಳಲ್ಲ. ಅದು ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಮಾಡುವ ಕೆಲಸ ಎಂಬುದು ಸುಳ್ಳು. ಇನ್ನು 'ಒರೆಸಿ ಓಡಿಸಿ' ಎಂಬ ಮಾತನ್ನು ಯಾರಿಗೂ ಕಳುಹಿಸಬೇಡಿ. ಅದನ್ನು ನಂಬಿ ಮಳೆಯಲ್ಲಿ ಹೊರಡುವವರು ನಿಮ್ಮ ಮನೆಯವರೇ ಆಗಿರಬಹುದು.