ರಿಪೇರಿಗೆ ಸೀಮೋಲ್ಲಂಘನ

ನಮ್ಮ ಶಾಖೆಯ ಕೌಂಟರಿಗೆ ತಿಂಗಳ ಮೊದಲ ವಾರದಲ್ಲಿ ತಪ್ಪದೆ ಬರುವ ಹಿರಿಯರೊಬ್ಬರಿದ್ದಾರೆ. ಬದಿಯಡ್ಕದ ಆಚೆ ಒಂದಿಷ್ಟು ಅಡಿಕೆ ತೋಟ, ಗದ್ದೆ ಇದ್ದದ್ದು ಈಗ ಇಲ್ಲ. ಮಗ ಕನ್ನಡ ಮಾಧ್ಯಮದಲ್ಲಿ ಹತ್ತನೆಯದು ಮುಗಿಸಿ ಐ.ಟಿ.ಐ. ಕಲಿತು ಅಬುಧಾಬಿ ಸೇರಿದ್ದಾನೆ. ಪಾಸ್‌ಬುಕ್ ಮುಂದಿಡುತ್ತಾ ಅವರು ಒಮ್ಮೆ ಹೇಳಿದರು: "ಅವನದ್ದು ವಿಮಾನದ ವರ್ಕ್‌ಶಾಪು ಸಾರ್. ನಮ್ಮ ದೇಶದ ವಿಮಾನಗಳೂ ಅಲ್ಲಿಗೇ ಬರುತ್ತವಂತೆ. ಇವನೇ ಅವುಗಳ ಹೊಟ್ಟೆ ಬಿಚ್ಚುವುದಂತೆ."

ಅವರು ಹೇಳಿದ್ದು ಹೆಮ್ಮೆಯಿಂದ. ನನಗೆ ಆ ದಿನವಿಡೀ ಲೆಕ್ಕ ಹೊಂದಲಿಲ್ಲ. ಕೆಡುವ ವಿಮಾನ ಇಲ್ಲಿಯದು, ಅದನ್ನು ಸರಿಮಾಡುವ ಕೈ ಇಲ್ಲಿಯದು. ಎರಡೂ ಬೇರೆ ಬೇರೆಯಾಗಿ ಸಮುದ್ರ ದಾಟಿ, ಮೂರನೆಯವನ ಕೊಟ್ಟಿಗೆಯಲ್ಲಿ ಒಂದನ್ನೊಂದು ಭೇಟಿಯಾಗುತ್ತವೆ. ಬಾಡಿಗೆ ಮೂರನೆಯವನಿಗೆ. ಇದನ್ನು ವ್ಯವಹಾರವೆಂದು ಕರೆಯುವವರಿದ್ದರೆ ಅವರು ಯಾವ ಶಾಲೆಯಲ್ಲಿ ಲೆಕ್ಕ ಕಲಿತರೆಂದು ತಿಳಿಯುವ ಆಸೆ ನನಗಿದೆ.

ವಿಮಾನವೆಂದರೆ ಬಸ್ಸಿನ ಹಾಗಲ್ಲ, ಕೆಟ್ಟ ಮೇಲೆ ದಾರಿಬದಿ ನಿಲ್ಲಿಸಿ ನೋಡುವುದಕ್ಕೆ. ಕೆಡುವ ಮೊದಲೇ ನೋಡಬೇಕು. ಕೆಲವು ನೂರು ಗಂಟೆ ಹಾರಿದ ಮೇಲೆ ಒಂದು ಸಣ್ಣ ತಪಾಸಣೆ. ಒಂದೂವರೆ ಎರಡು ವರ್ಷಕ್ಕೊಮ್ಮೆ ವಾರಗಟ್ಟಲೆ ಹಿಡಿಯುವ ದೊಡ್ಡದು. 6ರಿಂದ 12 ವರ್ಷಗಳಿಗೊಮ್ಮೆ ಆಸನ, ನೆಲಹಾಸು, ಗೋಡೆ ಎಲ್ಲವನ್ನೂ ಕಿತ್ತು, ಬಣ್ಣ ಕೆರೆದು, ಎಲುಬು ಎಲುಬನ್ನೇ ಪರೀಕ್ಷಿಸುವ ಮಹಾ ತಪಾಸಣೆ. ಈ ಕೊನೆಯದಕ್ಕೆ ದೊಡ್ಡ ವಿಮಾನವೊಂದಕ್ಕೆ ಹತ್ತಾರು ಸಾವಿರ ಗಂಟೆಗಳ ಮನುಷ್ಯ ದುಡಿಮೆ ಬೇಕು. ಅಂದರೆ ಇದು ಮುಖ್ಯವಾಗಿ ಕೂಲಿಯ ಕೆಲಸ, ಕುಶಲ ಕೂಲಿಯ ಕೆಲಸ. ಕೂಲಿ ಅಗ್ಗವಿರುವ, ಕೆಲಸ ಕಲಿತ ಹುಡುಗರು ತುಂಬಿರುವ ದೇಶವೇ ಸಿಂಗಾಪುರ, ಜೋರ್ಡಾನ್, ಅಬುಧಾಬಿಗಳ ಬಾಗಿಲು ಬಡಿಯುತ್ತಿದೆ! ನಮ್ಮ ವಿಮಾನಗಳ ನಿರ್ವಹಣಾ ವೆಚ್ಚದಲ್ಲಿ ನೂರಕ್ಕೆ 85–90ರಷ್ಟು ಹೊರದೇಶಕ್ಕೆ ಹೋಗುತ್ತದೆಂಬುದು ಈ ರಂಗದವರೇ ಬಹುಕಾಲ ಹೇಳುತ್ತಾ ಬಂದ ಮಾತು.

ಇನ್ನು ಹೊಗೆಯ ಲೆಕ್ಕ. ಏರ್ ಇಂಡಿಯಾ ತನ್ನ ಹಳೆಯ ದೊಡ್ಡ ವಿಮಾನಗಳ ಒಳಾಂಗಣ ನವೀಕರಣಕ್ಕೆ 40 ಕೋಟಿ ಡಾಲರಿನ ಯೋಜನೆಯನ್ನು 2022ರಲ್ಲಿ ಪ್ರಕಟಿಸಿತು. ಅದರಂತೆ 2025ರ ಜುಲೈಯಲ್ಲಿ ಮೊದಲ ಬೋಯಿಂಗ್ 787 ಹೊರಟದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ವಿಕ್ಟರ್‌ವಿಲ್ ಎಂಬಲ್ಲಿಗೆ. ದೆಹಲಿಯಿಂದ ಅಲ್ಲಿಗೆ ನೇರ ಗೆರೆ ಎಳೆದರೂ ಹತ್ತಿರ ಹತ್ತಿರ 13,000 ಕಿ.ಮೀ. ಈ ಜಾತಿಯ ವಿಮಾನ ಗಂಟೆಗೆ ಸುಮಾರು 5 ಟನ್ ಇಂಧನ ಕುಡಿಯುತ್ತದೆ. 16 ಗಂಟೆಯೆಂದರೆ 80 ಟನ್, ಹೋಗಿಬರಲು 160. ಜನ, ಸಾಮಾನು ಇಲ್ಲದ ಖಾಲಿ ವಿಮಾನ ಸ್ವಲ್ಪ ಕಡಿಮೆ ಕುಡಿಯುತ್ತದೆ, ಅದನ್ನು ಬಿಟ್ಟುಕೊಡೋಣ. ಒಂದು ಟನ್ ಇಂಧನ ಉರಿದರೆ 3.16 ಟನ್ ಇಂಗಾಲಾಮ್ಲ. ಒಟ್ಟು 500 ಟನ್ನಿನ ಆಸುಪಾಸು. ಸರಾಸರಿ ಭಾರತೀಯನೊಬ್ಬನ ಪಾಲಿಗೆ ಬರುವ ಇಂಗಾಲಾಮ್ಲ ವರ್ಷಕ್ಕೆ ಸುಮಾರು 2 ಟನ್. ಒಂದು ವಿಮಾನ ಒಬ್ಬನೇ ಒಬ್ಬ ಪ್ರಯಾಣಿಕನನ್ನೂ ಹೊರದೆ ಒಮ್ಮೆ ಹೋಗಿಬರಲು 250 ಜನರ ಒಂದು ವರ್ಷ! ಕಿಲೋಲೀಟರಿಗೆ 90,000 ರೂಪಾಯಿ ಹಿಡಿದರೂ ಇಂಧನದ ಬಿಲ್ಲೊಂದೇ ಒಂದೂವರೆ ಕೋಟಿ ದಾಟುತ್ತದೆ. ಪೈಲಟರ ಭತ್ಯೆ, ಹಾದುಹೋದ ದೇಶಗಳ ಆಕಾಶಸುಂಕ, ಗಳಿಕೆಯಿಲ್ಲದೆ ಕಳೆದ ದಿನಗಳ ಸಾಲದ ಬಡ್ಡಿ ಬೇರೆ.

ಇಲ್ಲಿ ನನ್ನ ಸ್ನೇಹಿತರೊಬ್ಬರು ತಡೆದರು. "ನಿನ್ನದು ಗುಮಾಸ್ತನ ಬುದ್ಧಿ ಮಾರಾಯ. ಅದೇ ವಿಮಾನ ವರ್ಷವಿಡೀ ಹಾರಿ ಸುಡುವ ಎಣ್ಣೆಯ ಮುಂದೆ ಇದು ನೂರಕ್ಕೆ ಒಂದೂ ಅಲ್ಲ" ಎಂದರು. ನಿಜ. ವರ್ಷಕ್ಕೆ 4,000 ಗಂಟೆ ಹಾರುವ ವಿಮಾನ 20,000 ಟನ್ ಸುಡುತ್ತದೆ; ಅದರ ಎದುರು 160 ಟನ್ ಚಿಲ್ಲರೆಯೇ. ಆದರೆ ಸ್ವಾಮೀ, ಆ 20,000 ಟನ್ನಿನಿಂದ ಒಬ್ಬ ಮಗ ತಾಯಿಯ ಉತ್ತರಕ್ರಿಯೆಗೆ ಊರು ಮುಟ್ಟುತ್ತಾನೆ. ಈ 160 ಟನ್ನಿನಿಂದ ಮುಟ್ಟಿದವರು ಯಾರು? ನಮ್ಮ ಬ್ಯಾಂಕಿನಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಎಂಟರ ತನಕ ಕೂರಿಸುತ್ತಾರೆ, ಒಟ್ಟು ಠೇವಣಿಯ ಮುಂದೆ ಅದೂ ಚಿಲ್ಲರೆಯೇ ಅಲ್ಲವೇ?

ಅದಕ್ಕಿಂತ ವಿಚಿತ್ರವಾದದ್ದು ಈ ಹೊಗೆ ಎಲ್ಲಿ ಬರೆಯಲ್ಪಡುತ್ತದೆ ಎಂಬುದು. ಅಂತಾರಾಷ್ಟ್ರೀಯ ಹಾರಾಟದ ಹೊಗೆಯನ್ನು ಯಾವ ದೇಶದ ಒಟ್ಟು ಲೆಕ್ಕಕ್ಕೂ ಕೂಡಿಸುವುದಿಲ್ಲ; ವಿಶ್ವಸಂಸ್ಥೆಗೆ ಕೊಡುವ ವರದಿಯಲ್ಲಿ ಅದಕ್ಕೆ ಪ್ರತ್ಯೇಕ ಸಾಲು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸಸ್ಪೆನ್ಸ್ ಖಾತೆ. ಯಾರ ತಲೆಗೂ ಕಟ್ಟಲಾಗದ್ದನ್ನು ಎಸೆಯುವ ಜಾಗ. ಅಂತಾರಾಷ್ಟ್ರೀಯ ವಿಮಾನಯಾನದ ಇಂಗಾಲ ಸರಿದೂಗಿಸುವ ಯೋಜನೆಗೆ ಭಾರತ ಸೇರುವುದು 2027ರಿಂದ. ನೋಡೋಣ.

ಹಾಗಾದರೆ ನಮ್ಮಲ್ಲಿ ಹ್ಯಾಂಗರುಗಳೇ ಇಲ್ಲವೇ? ಇವೆ. 68 ಬೋಯಿಂಗ್ ವಿಮಾನಗಳ ಖರೀದಿಯ ಕರಾರಿನ ಫಲವಾಗಿ ನಾಗಪುರದಲ್ಲಿ 777, 787ರಂಥ ದೊಡ್ಡ ವಿಮಾನಗಳನ್ನೇ ಬಿಚ್ಚಿ ನೋಡಬಲ್ಲ ಕೇಂದ್ರ 2015ರಲ್ಲಿ ಶುರುವಾಯಿತು. ನಮ್ಮದೇ ತಿರುವನಂತಪುರದಲ್ಲಿ 737ರ ಹ್ಯಾಂಗರಿದೆ. ಆದರೆ 2020ರ ಏಪ್ರಿಲ್ 1ರ ತನಕ ಇಲ್ಲಿಯ ರಿಪೇರಿಯ ಮೇಲೆ ಜಿ.ಎಸ್.ಟಿ. ನೂರಕ್ಕೆ 18! ಆಮೇಲೆ 5ಕ್ಕೆ ಇಳಿಸಿದರು. ವಿಮಾನ ನಿಲ್ದಾಣಗಳು ಹ್ಯಾಂಗರಿಗೆ ಜಾಗ ಕೊಡುತ್ತಿದ್ದದ್ದು ಮೂರರಿಂದ ಐದು ವರ್ಷಕ್ಕೆ, ಮೇಲಿಂದ ರಾಜಧನ. ಐದು ವರ್ಷದ ಗೇಣಿಯ ಜಾಗದಲ್ಲಿ ಯಾರಾದರೂ ಅಡಿಕೆ ನೆಡುತ್ತಾರೆಯೇ? 2021ರ ನೀತಿಯಲ್ಲಿ ಅದನ್ನು 30 ವರ್ಷ ಮಾಡಿ ರಾಜಧನ ತೆಗೆದರು. ಬಿಡಿಭಾಗಗಳ ಆಮದು ತೆರಿಗೆಯನ್ನು ಒಂದೇ ದರಕ್ಕೆ ತಂದದ್ದು 2024ರಲ್ಲಿ. ಎಂಜಿನ್ ದುರಸ್ತಿಯ ಮಹಾಕೇಂದ್ರವೊಂದು ಹೈದರಾಬಾದಿನಲ್ಲಿ ಉದ್ಘಾಟನೆಗೊಂಡದ್ದು 2025ರ ನವೆಂಬರಿನಲ್ಲಿ. ಬುದ್ಧಿ ಬಂದಿದೆ, ಸಂತೋಷ. ಆದರೆ ಬುದ್ಧಿ ಬರುವಷ್ಟರಲ್ಲಿ ಒಂದು ತಲೆಮಾರಿನ ಹುಡುಗರು ವೀಸಾ ಮಾಡಿಸಿಕೊಂಡು ಹೋದರಲ್ಲ, ಅವರ ಲೆಕ್ಕ?

ಪರರ ಅಂಗಳವನ್ನು ನಂಬಿದರೆ ಏನಾಗುತ್ತದೆಂಬುದೂ ಕಂಡಿತು. 2025ರ ಮೇಯಲ್ಲಿ ತುರ್ಕಿಯೊಂದಿಗೆ ರಾಜಕೀಯ ಕೆಟ್ಟಾಗ, ಅಲ್ಲಿಗೆ ಹೋಗುತ್ತಿದ್ದ 777ಗಳನ್ನು ಬೇರೆ ಯಾರ ಮನೆಗೆ ಕಳಿಸೋಣವೆಂದು ಹುಡುಕಬೇಕಾಯಿತು.

ಈ ಊರಿನಲ್ಲಿ ವಿಮಾನದ ಸುದ್ದಿ ಬರೆಯುವಾಗ 2010ರ ಮೇ 22 ನೆನಪಾಗದೆ ಇರದು. ಮಂಗಳೂರಿನ ಬಜ್ಪೆಯಲ್ಲಿ 158 ಜನ ಸುಟ್ಟುಹೋದರು. ಅವರಲ್ಲಿ ಕಾಸರಗೋಡಿನವರೂ ಎಷ್ಟೋ ಮಂದಿ. ಆ ದುರಂತಕ್ಕೆ ಕಾರಣ ರಿಪೇರಿಯ ಲೋಪವಲ್ಲ, ಇಳಿಸುವಾಗಿನ ತಪ್ಪು ಎಂದು ತನಿಖೆ ಹೇಳಿದೆ. ಆದರೂ ಹೇಳುತ್ತೇನೆ: ಅಗ್ಗದ ರಿಪೇರಿ ಬೇಕೆಂದು ನಾನು ಕೇಳುತ್ತಿಲ್ಲ. ಕಟ್ಟುನಿಟ್ಟಿನ ರಿಪೇರಿ ಇಲ್ಲೇ ಆಗಲಿ ಎನ್ನುತ್ತೇನೆ. ಅಬುಧಾಬಿಯಲ್ಲಿ ನಟ್ಟು ಸರಿಯಾಗಿ ಬಿಗಿಯುವ ಬದಿಯಡ್ಕದ ಹುಡುಗ ಕಣ್ಣೂರಿನಲ್ಲಿ ಬಿಗಿಯಲಾರನೇ?

ಕಣ್ಣೂರಿನ ಹೆಸರು ಸುಮ್ಮನೆ ಎತ್ತಿದ್ದಲ್ಲ. 2018ರ ಡಿಸೆಂಬರ್ 9ರಂದು ತೆರೆದ ಆ ನಿಲ್ದಾಣದ ಓಡುದಾರಿ 3,050 ಮೀಟರ್. ದೊಡ್ಡ ವಿಮಾನ ಇಳಿಯುವಷ್ಟು ಉದ್ದ. ಸಾಲದ ಹೊರೆ ಹೊತ್ತು, ವಿದೇಶಿ ವಿಮಾನಗಳಿಗೆ ಅನುಮತಿ ಕೊಡಿರೆಂದು ಅದು ದೆಹಲಿಯನ್ನು ಬೇಡುತ್ತಾ ಬಂದಿದೆ. ಅದೇ ಅಂಗಳದಲ್ಲೊಂದು ಹ್ಯಾಂಗರು ಕೇಳಿದರೆ ಗಂಟೇನು ಹೋಗುತ್ತದೆ?

ಹಾಗೆ ಬಂದರೆ ಅದರೊಂದಿಗೆ ಕೊಳೆಯೂ ಬರುತ್ತದೆ, ಮುಚ್ಚಿಡಬಾರದು. ಬಣ್ಣ ಕೆರೆಯುವ ರಾಸಾಯನಿಕ, ತುಕ್ಕು ಹಿಡಿಯದ ಹಾಗೆ ಬಳಿಯುವ ಕ್ರೋಮಿಯಂ ಲೇಪ, ಎಣ್ಣೆ ಬೆರೆತ ನೀರು. ಆಕಾಶದಿಂದ ಇಳಿದ ವಿಷ ಏನೆಂದು ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ನಮ್ಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆಯ ಮಕ್ಕಳು ಅದರ ಸಾಕ್ಷಿ. ಆದ್ದರಿಂದಲೇ ನಮಗೆ ಕೇಳುವ ಹಕ್ಕು ಇತರರಿಗಿಂತ ಹೆಚ್ಚು: ಕೊಳೆ ನೀರಿನ ಶುದ್ಧೀಕರಣ ಮೊದಲು, ಹ್ಯಾಂಗರು ಆಮೇಲೆ. ನಮ್ಮ ಕೊಳೆಯನ್ನು ಪರರ ಅಂಗಳದಲ್ಲಿ ತೊಳೆದು ಶುಚಿಯಾದೆವೆಂದು ಬೀಗುವುದಂತೂ ನನಗೆ ಒಪ್ಪಿಗೆಯಿಲ್ಲ.

ಮೊನ್ನೆ ಆ ಹಿರಿಯರು ಮತ್ತೆ ಬಂದಿದ್ದರು. ಮಗನ ಕರಾರು ಇನ್ನೆರಡು ವರ್ಷ ಮುಂದುವರಿದಿದೆ. ಎನ್.ಆರ್.ಇ. ಖಾತೆಯ ಫಾರಂ ಕೇಳಿದರು, ಕನ್ನಡದಲ್ಲಿ ಇದೆಯೇ ಎಂದೂ ಕೇಳಿದರು. ಇರಲಿಲ್ಲ. ಇಂಗ್ಲಿಷಿನದ್ದನ್ನೇ ನಾನು ತುಂಬಿಸಿಕೊಟ್ಟೆ. ಸಹಿ ಮಗನದ್ದು ಬೇಕಾಗಿತ್ತು. ಫಾರಂ ಮಡಚಿ ಕಿಸೆಯಲ್ಲಿಟ್ಟು, "ಯಾರಾದರೂ ಹೋಗುವವರ ಕೈಯಲ್ಲಿ ಕಳುಹಿಸುತ್ತೇನೆ" ಎಂದು ಬಸ್ಸಿಗೆ ಹೊರಟರು.